ಯಾವ ಗಳೆಯಲ್ಲಿ ಅಳೆದದ್ದು?

ಹೊಸ ಮನೆಯ ಆಶೀರ್ವಾದಕ್ಕೆ ಹೋಗುವುದು ಧರ್ಮಕೇಂದ್ರದ ಗುರುವಿನ ಪಾಲಿಗೆ ಬರುವ ಸಂತಸದ ಕೆಲಸಗಳಲ್ಲೊಂದು. ಬಾಗಿಲಿಗೆ ಹೂವಿನ ಮಾಲೆ, ಒಳಗೆ ಇನ್ನೂ ಆರದ ಬಣ್ಣದ ವಾಸನೆ, ಅಡುಗೆಮನೆಯಲ್ಲಿ ಉಕ್ಕುತ್ತಿರುವ ಪಾಯಸ, ಮನೆಯವರ ಮುಖದಲ್ಲಿ ಸಾಲದ ಚಿಂತೆಯನ್ನು ಒಂದು ದಿನದ ಮಟ್ಟಿಗಾದರೂ ಮರೆಸುವ ಹಿಗ್ಗು. 2014ರಲ್ಲಿ ಬಳ್ಳಾರಿ ನಗರದ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಮನೆ ಕೊಂಡ ಕುಟುಂಬವೊಂದು ನನ್ನನ್ನು ಇಂಥದೇ ಸಂದರ್ಭಕ್ಕೆ ಕರೆದಿತ್ತು. ಪವಿತ್ರ ಜಲವನ್ನು ಪ್ರೋಕ್ಷಿಸುತ್ತ ಕೋಣೆಯಿಂದ ಕೋಣೆಗೆ ಹೋದೆ. ಹೊರಬಂದಾಗ, ಲಿಫ್ಟಿನ ಎದುರಿನ ಓಣಿಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಒಂದು ಹಳೆಯ ಸಾಗುವಾನಿ ಮಂಚ ಕಣ್ಣಿಗೆ ಬಿತ್ತು.

ಅದು ಮನೆಯ ಯಜಮಾನನ ತಾಯಿಯದು. ಸಿರುಗುಪ್ಪದ ಹಳೆಯ ಮನೆಯನ್ನು ಬೀಗ ಹಾಕಿ, ಮಗನೊಡನೆ ಇರಲೆಂದು ಮಂಚವನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದಿದ್ದರು. ಎರಡು ಮಲಗುವ ಕೋಣೆಗಳಲ್ಲಿ ಒಂದು ಮಗ ಸೊಸೆಯರದು. ಇನ್ನೊಂದರಲ್ಲಿ ಇಬ್ಬರು ಮೊಮ್ಮಕ್ಕಳು ಮತ್ತು ಅಜ್ಜಿ. ಅಲ್ಲಿ ಮಂಚ ಹಾಕಿದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ. ಬೀರು ಇಟ್ಟರೆ ಮಕ್ಕಳು ಓದುವ ಮೇಜಿಗೆ ಜಾಗವಿಲ್ಲ. ಓಣಿಯಲ್ಲಿ ಇಡೋಣವೆಂದರೆ ಅದು ಎಲ್ಲರಿಗೂ ಸೇರಿದ ಸ್ಥಳ, ಎರಡು ದಿನದಲ್ಲಿ ತೆಗೆಯಬೇಕೆಂದು ನಿವಾಸಿಗಳ ಸಂಘದವರು ಹೇಳಿಹೋಗಿದ್ದರು. ಆ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಫಾದರ್, ಸಾವಿರದ ನೂರೈವತ್ತು ಅಡಿ ಮನಿ ಅಂತ ಹೇಳಿದ್ರು. ನಮ್ಮ ಸಿರುಗುಪ್ಪದ ಮನಿ ಒಂಬೈನೂರು ಅಡಿನೂ ಇಲ್ಲ. ಅಲ್ಲಿ ಆರು ಮಂದಿ ಬೆಳೆದ್ವಿ. ಇಲ್ಲಿ ನನ್ನ ಮಂಚಕ್ಕ ಯಾಕ ಜಾಗ ಇಲ್ಲ?"

ಗುರುಮಠದಲ್ಲಿ ಏಳೆಂಟು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಊಟವಾದ ಮೇಲೆ ಮಗ ಒಂದು ಟೇಪು ತಂದ. ಅವನೂ ನಾನೂ ಅಳೆದೆವು. ಹಜಾರ 22 ಅಡಿಗೆ 11. ದೊಡ್ಡ ಕೋಣೆ 13ಕ್ಕೆ 11. ಚಿಕ್ಕ ಕೋಣೆ 11ಕ್ಕೆ 10. ಅಡುಗೆಮನೆ 10ಕ್ಕೆ 8. ಎರಡು ಸ್ನಾನದ ಮನೆಗಳು ಸೇರಿ 75 ಚದರ ಅಡಿ. ನಡುವಿನ ದಾರಿ 48, ಪಾತ್ರೆ ತೊಳೆಯುವ ಮೂಲೆ 24. ಎಲ್ಲ ಕೂಡಿಸಿದರೆ ಕಾಲಿಡಬಹುದಾದ ನೆಲ 722 ಚದರ ಅಡಿ. ಒಳಗಿನ ಅಡ್ಡಗೋಡೆಗಳ ಅಡಿಯ ಜಾಗವನ್ನು ಸೇರಿಸಿದರೆ 764. ಹೊರಗೋಡೆಗಳಿಗೆ 66, ಬಾಲ್ಕನಿಗೆ 50 ಸೇರಿಸಿದಾಗ 880. ಇನ್ನುಳಿದ 270 ಅಡಿ ಎಲ್ಲಿ? ಮೆಟ್ಟಿಲಿನಲ್ಲಿ, ಲಿಫ್ಟಿನ ಗುಂಡಿಯಲ್ಲಿ, ಕೆಳಗಿನ ಪ್ರವೇಶದ ಅಂಗಳದಲ್ಲಿ, ಕಾವಲುಗಾರನ ಕೋಣೆಯಲ್ಲಿ, ಮತ್ತು ಆ ಮಂಚ ನಿಂತಿದ್ದ ಓಣಿಯಲ್ಲಿ. ಚದರ ಅಡಿಗೆ 2,400 ರೂಪಾಯಿಯಂತೆ 1150 ಅಡಿಗೆ 27,60,000 ರೂಪಾಯಿ ಕೊಟ್ಟಿದ್ದ ಆತ. ಮನೆಯೊಳಗಿನ ಪ್ರತಿ ಅಡಿಗೆ ನಿಜವಾಗಿ ಬಿದ್ದದ್ದು ಸುಮಾರು 3,613 ರೂಪಾಯಿ. "ದುಡ್ಡು ಕೊಟ್ಟ ಜಾಗದಾಗ ಮಂಚ ಇಡಬಾರ್ದಂತ" ಎಂದು ತಾಯಿ ನಕ್ಕರು. ಆರು ತಿಂಗಳಲ್ಲಿ ಮಂಚವೂ ಅವರೂ ಸಿರುಗುಪ್ಪಕ್ಕೆ ಹಿಂದಿರುಗಿದರು.

ಈ ಮಾತನ್ನು ಇಷ್ಟು ವರ್ಷಗಳ ಬಳಿಕ ಬರೆಯುತ್ತಿರುವುದಕ್ಕೆ ಕಾರಣವಿದೆ. ಅದನ್ನು ಹೇಳುವ ಮುನ್ನ ಅಳತೆಯ ವಿಷಯವನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು.

ನಮ್ಮ ಸೀಮೆ ಅಳತೆಯ ತಂಟೆಯನ್ನು ಹೊಸದಾಗಿ ಕಂಡದ್ದೇನಲ್ಲ. ಕುರುಗೋಡು ಒಂದು ಕಾಲಕ್ಕೆ ಸಿಂದ ಮನೆತನದವರ ರಾಜಧಾನಿ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡನಾಡಿನ ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳುತ್ತಿದ್ದರು. ಆದರೆ ಇಷ್ಟು ಮತ್ತರು ಎಂದಷ್ಟೇ ಬರೆದು ಬಿಡುತ್ತಿರಲಿಲ್ಲ. ಯಾವ ಗಳೆಯಲ್ಲಿ, ಎಂದರೆ ಯಾವ ಅಳತೆಕೋಲಿನಲ್ಲಿ, ಅಳೆದ ಮತ್ತರು ಎಂಬುದನ್ನೂ ಅನೇಕ ಶಾಸನಗಳು ಸೇರಿಸಿ ಕೆತ್ತಿಸಿವೆ. ಊರಿಂದೂರಿಗೆ ಗಳೆಯ ಉದ್ದ ಬೇರೆಯಾಗಿತ್ತು. ಆದುದರಿಂದ ಗಳೆಯ ಹೆಸರಿಲ್ಲದ ಮತ್ತರಿಗೆ ಅರ್ಥವಿರಲಿಲ್ಲ. ಕೆಲವೆಡೆ ಕೋಲಿನ ಉದ್ದವನ್ನೇ ದೇವಾಲಯದ ಕಲ್ಲಿನ ಮೇಲೆ ಗುರುತು ಮಾಡಿಡುತ್ತಿದ್ದರು. ಸಂದೇಹ ಬಂದವನು ಹೋಗಿ ಹೋಲಿಸಿ ನೋಡಬಹುದಿತ್ತು. ಅಕ್ಷರ ಬಾರದ ರೈತನಿಗೂ ಆ ಗುರುತು ತಿಳಿಯುತ್ತಿತ್ತು. ಇಂದಿನ ಬಣ್ಣದ ಕರಪತ್ರಗಳಲ್ಲಿ ಈಜುಕೊಳದ ಚಿತ್ರವಿರುತ್ತದೆ, ಗಳೆಯ ಹೆಸರಿರುವುದಿಲ್ಲ.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೇರಿದಂತೆ ಈ ಪ್ರಾಂತ್ಯವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಾಗ ಇಲ್ಲಿಗೆ ಬಂದ ಥಾಮಸ್ ಮನ್ರೋ 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದು, ಹೊಲಹೊಲವನ್ನೂ ಅಳೆಯಿಸಿದನು. 33 ಅಡಿಯ ಸರಪಳಿ. 33 ಅಡಿ ಚೌಕ ಒಂದು ಗುಂಟೆ, ಅಂಥ ನಲವತ್ತು ಒಂದು ಎಕರೆ. ಆತನ ಲೆಕ್ಕ ವಿಸ್ತೀರ್ಣಕ್ಕೆ ನಿಲ್ಲಲಿಲ್ಲ. ಅಳೆದ ನೆಲ ಎರೆಯೋ ಮಸಬೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ತರಗತಿ ಮಾಡಿದ ಮೇಲೆಯೇ ಕಂದಾಯ ಗೊತ್ತಾಗುತ್ತಿದ್ದುದು. ಕಂದಾಯ ವಸೂಲಿಯ ಹಸಿವಿನಿಂದಲೇ ಇದನ್ನೆಲ್ಲ ಮಾಡಿಸಿದರೆಂಬುದು ಬೇರೆ ಮಾತು. ಆದರೂ ಎಷ್ಟು ನೆಲವೆಂಬ ಪ್ರಶ್ನೆಯ ಬೆನ್ನಿಗೇ ಉಪಯೋಗಕ್ಕೆ ಬರುವ ನೆಲವೆಷ್ಟು ಎಂಬ ಪ್ರಶ್ನೆ ಇರುತ್ತದೆಂಬುದು ಆ ದೊರೆಗಳಿಗೂ ತಿಳಿದಿತ್ತು. 1953ರವರೆಗೆ ನಾವು ಮದರಾಸು ಪ್ರಾಂತ್ಯದಲ್ಲಿದ್ದುದರ ಗುರುತಾಗಿ ಬಳ್ಳಾರಿಯ ಮಂದಿ ಇಂದಿಗೂ ನಿವೇಶನವನ್ನು ಸೆಂಟುಗಳಲ್ಲಿ ಹೇಳುತ್ತಾರೆ. ಮನೆ ಕಟ್ಟುವ ಮೇಸ್ತ್ರಿ ನೂರು ಚದರ ಅಡಿಗೆ ಒಂದು ಚದರವೆಂದು ಹೇಳುತ್ತಾನೆ. ಅಪಾರ್ಟ್‌ಮೆಂಟಿನವರು ಅಡಿಯೆಂದು ಹೇಳುತ್ತಾರೆ. ಮೂರು ಮಾತಿನ ನಡುವೆ ಕೊಳ್ಳುವವನ ತಲೆ ತಿರುಗುತ್ತದೆ.

ಅಪಾರ್ಟ್‌ಮೆಂಟಿನ ಅಡಿಯಲ್ಲೇ ಮೂರು ಬಗೆ. ಮನೆಯ ಒಳನೆಲ ಕಾರ್ಪೆಟ್ ಏರಿಯಾ. ರತ್ನಗಂಬಳಿ ಹಾಸಬಹುದಾದಷ್ಟು ಜಾಗವೆಂಬುದು ಆ ಹೆಸರಿನ ಮೂಲಾರ್ಥ. ಅದಕ್ಕೆ ಹೊರಗೋಡೆ, ಬಾಲ್ಕನಿ ಸೇರಿದರೆ ಬಿಲ್ಟ್‌ಅಪ್. ಅದಕ್ಕೆ ಮೆಟ್ಟಿಲು, ಲಿಫ್ಟು, ಓಣಿ ಮೊದಲಾದವುಗಳ ಪಾಲನ್ನು ಹಂಚಿ ಹಾಕಿದರೆ ಸೂಪರ್ ಬಿಲ್ಟ್‌ಅಪ್. ಮೊದಲೆರಡನ್ನು ಟೇಪಿನಿಂದ ಅಳೆಯಬಹುದು. ಮೂರನೆಯದು ಮಾರುವವನು ಹಂಚಿದ ಹಾಗೆ. ಒಬ್ಬನು ನೂರಕ್ಕೆ ಇಪ್ಪತ್ತು ಸೇರಿಸಿದರೆ ಇನ್ನೊಬ್ಬನು ಮೂವತ್ತೈದು ಸೇರಿಸಬಲ್ಲ. ಭಾರತೀಯ ಮಾನಕ ಬ್ಯೂರೋ ಕಟ್ಟಡಗಳ ವಿಸ್ತೀರ್ಣ ಅಳೆಯುವ ಕ್ರಮವನ್ನು ಐಎಸ್ 3861 ಎಂಬ ಮಾನಕದಲ್ಲಿ ಬಹಳ ಹಿಂದೆಯೇ ಬರೆದಿಟ್ಟಿತ್ತು. ಗಳೆ ಇತ್ತು, ಅದರಲ್ಲೇ ಅಳೆಯಬೇಕೆಂಬ ಕಟ್ಟುಪಾಡು ಇರಲಿಲ್ಲ.

ಆ ಕಟ್ಟುಪಾಡು ಬಂದದ್ದು 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯಿಂದ. ರೇರಾ ಎಂದು ಕರೆಯುವ ಈ ಕಾಯ್ದೆ 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಕರ್ನಾಟಕದ ನಿಯಮಗಳು ಅದೇ ವರ್ಷದ ಜುಲೈನಲ್ಲಿ ಬಂದವು. ಕಾರ್ಪೆಟ್ ಏರಿಯಾ ಎಂದರೆ ಮನೆಯ ಬಳಕೆಗೆ ಒದಗುವ ನಿವ್ವಳ ನೆಲವೆಂದು ಕಾಯ್ದೆಯೇ ಹೇಳಿತು. ಹೊರಗೋಡೆ, ಕೊಳವೆಗಳು ಹಾಯುವ ಕಿಂಡಿ, ಬಾಲ್ಕನಿ, ತೆರೆದ ತಾರಸಿ ಇದರಲ್ಲಿ ಸೇರುವುದಿಲ್ಲ. ಒಳಗಿನ ಅಡ್ಡಗೋಡೆಗಳ ಜಾಗ ಸೇರುತ್ತದೆ. ನೋಂದಣಿಯಾದ ಯೋಜನೆಯಲ್ಲಿ ಕಟ್ಟುವವನು ಈ ಅಳತೆಯನ್ನು ಪ್ರಾಧಿಕಾರಕ್ಕೆ ತಿಳಿಸಲೇಬೇಕು, ಕರಾರಿನಲ್ಲಿ ಬರೆಯಲೇಬೇಕು. ಕಟ್ಟಿ ಮುಗಿದ ಮೇಲೆ ಅಳತೆ ಕಡಿಮೆ ಬಂದರೆ ಹೆಚ್ಚುವರಿ ಹಣವನ್ನು ಬಡ್ಡಿಯೊಡನೆ ಮರಳಿಸಬೇಕೆಂದು ಮಾದರಿ ಕರಾರು ಹೇಳುತ್ತದೆ. ಬರಹದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಮನೆ ಕೊಳ್ಳಲು ಹೊರಟಿರುವ ಕುಟುಂಬಗಳು ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆಯನ್ನು ಹಾಕಿ ನಕ್ಷೆ, ಅಳತೆಗಳನ್ನು ತಾವೇ ನೋಡಬಹುದು. ಮನೆಯಲ್ಲಿ ಕಾಲೇಜು ಓದುವ ಮಗಳಿದ್ದರೆ ಹತ್ತು ನಿಮಿಷದ ಕೆಲಸ. ಆದರೆ 500 ಚದರ ಮೀಟರಿಗೆ ಮೀರದ ನೆಲದಲ್ಲಿ, ಇಲ್ಲವೇ ಎಂಟಕ್ಕೆ ಮೀರದ ಮನೆಗಳಿರುವ ಕಟ್ಟಡಕ್ಕೆ ಈ ನೋಂದಣಿಯ ಕಡ್ಡಾಯವಿಲ್ಲವೆಂಬುದನ್ನು ಮರೆಯಬಾರದು. ನಮ್ಮಂಥ ಊರುಗಳ ಒಳಬೀದಿಗಳಲ್ಲಿ ಏಳುವ ಕಟ್ಟಡಗಳು ಎಷ್ಟೋ ಬಾರಿ ಇಂಥ ಚಿಕ್ಕವೇ. ಅಲ್ಲಿ ಟೇಪೇ ಗತಿ.

ಕುರುಗೋಡಿನ ಕಡೆಯಾಗಲಿ ಬೇರೆಡೆಯಾಗಲಿ ಬರಿಯ ನಿವೇಶನ ಕೊಳ್ಳುವವರ ಸಮಾಚಾರ ಇದಕ್ಕಿಂತ ಸರಳ. ಪತ್ರದಲ್ಲಿರುವ ನಾಲ್ಕು ಬದಿಗಳನ್ನು ಕಲ್ಲಿನಿಂದ ಕಲ್ಲಿಗೆ ಅಳೆದು ನೋಡಿ. 30ಕ್ಕೆ 40ರ ನಿವೇಶನವೆಂದರೆ 1200 ಅಡಿಯ ಮನೆಯೆಂದು ತಿಳಿಯಬೇಡಿ, ಸುತ್ತ ಬಿಡಬೇಕಾದ ಜಾಗವನ್ನು ಕಳೆಯಿರಿ. ಇಷ್ಟು ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ಆ ಮಗ ಮತ್ತೆ ನನ್ನ ಬಳಿಗೆ ಬಂದ. ಕೆಲಸದ ನಿಮಿತ್ತ ಊರು ಬಿಡಬೇಕಾಗಿತ್ತು, ಮನೆ ಮಾರಬೇಕಾಗಿತ್ತು. ಸುತ್ತಲಿನವರು ಚದರ ಅಡಿಗೆ 3,200 ರೂಪಾಯಿ ಹೇಳುತ್ತಿದ್ದರು. "ಫಾದರ್, ನಾನು ಎಷ್ಟು ಅಡಿ ಅಂತ ಹೇಳಲಿ? 1150 ಎಂದರೆ 36,80,000. ಅವತ್ತು ನಾವಿಬ್ಬರೂ ಅಳೆದ 764 ಎಂದರೆ ಅದೇ ದರದಲ್ಲಿ 24,44,800. ಹನ್ನೆರಡು ಲಕ್ಷಕ್ಕಿಂತ ಹೆಚ್ಚಿನ ವ್ಯತ್ಯಾಸ. ಕ್ರಯಪತ್ರದಲ್ಲೂ 1150 ಎಂದೇ ಇದೆ. ನನಗೆ ಮಾರಿದವರು ಹಾಗೆ ಹೇಳಿದರು, ಪಕ್ಕದ ಮನೆಯವರೂ ಹಾಗೇ ಹೇಳಿ ಮಾರಿದರು. ನಾನೊಬ್ಬನೇ ಕಡಿಮೆ ಹೇಳಿ ಮಕ್ಕಳ ಓದಿನ ಹಣ ಕಳೆದುಕೊಳ್ಳಲೇ?"

ನಾನು ಕೊಟ್ಟ ಮೊದಲ ಉತ್ತರವನ್ನು ಮರೆಮಾಚುವುದಿಲ್ಲ. "ತಮ್ಮಾ, ಪತ್ರದಲ್ಲಿ ಏನಿದೆಯೋ ಅದನ್ನು ಹೇಳು. ಎಲ್ಲರೂ ಹೇಳುವ ಲೆಕ್ಕದಲ್ಲಿ ಸುಳ್ಳೇನಿದೆ?" ಎಂದೆ. ಆತ ಸಮಾಧಾನದಿಂದ ಹೋದ. ಆತನ ಸಮಾಧಾನವೇ ನನ್ನನ್ನು ಕೊರೆಯತೊಡಗಿತು.

ಏಕೆಂದರೆ ನಾನು ಕೊಟ್ಟ ಉತ್ತರ ಪೂರ್ತಿ ತಪ್ಪೇನೂ ಆಗಿರಲಿಲ್ಲ. ಮೆಟ್ಟಿಲು, ಲಿಫ್ಟು ಗಾಳಿಯಲ್ಲಿ ಹುಟ್ಟುವುದಿಲ್ಲ; ಅವಕ್ಕೂ ಸಿಮೆಂಟು ಕಬ್ಬಿಣ ಬೇಕು, ಅವುಗಳ ಖರ್ಚನ್ನು ಮನೆ ಕೊಳ್ಳುವವರೇ ಕೊಡಬೇಕು. ಅವುಗಳಲ್ಲಿ ಪ್ರತಿಯೊಬ್ಬನಿಗೂ ಅವಿಭಾಜ್ಯ ಪಾಲಿದೆ. 270 ಅಡಿ ಕಟ್ಟುಕತೆಯಲ್ಲ. ಪದಗಳ ಅರ್ಥ ಬಳಕೆಯಿಂದ ಬರುತ್ತದೆ. ಮಾರುವವರೂ ಕೊಳ್ಳುವವರೂ 1150 ಎಂದರೆ ಸೂಪರ್ ಬಿಲ್ಟ್‌ಅಪ್ ಎಂದೇ ಗ್ರಹಿಸುವುದಾದರೆ ಅಲ್ಲಿ ಮೋಸ ಹೋಗುವವರಾರು?

ಸಿರುಗುಪ್ಪದ ತಾಯಿ ಮೋಸ ಹೋಗಿದ್ದರು. ಅವರಿಗೆ ಆ ಬಳಕೆ ಗೊತ್ತಿರಲಿಲ್ಲ. ಆದರೆ ಅವರಿಗೆ ಇನ್ನೊಂದು ಬಳಕೆ ಗೊತ್ತಿತ್ತು. ಸಿರುಗುಪ್ಪ ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಸೀಮೆ; ಅಕ್ಕಿ ಗಿರಣಿಗಳ ಊರು. ಸರಕಾರ ಭತ್ತವನ್ನು ಗಿರಣಿಗೆ ಕೊಟ್ಟಾಗ ನೂರು ಕಿಲೋ ಭತ್ತಕ್ಕೆ, ಕುದಿಸದೆ ಮಾಡಿದ ಅಕ್ಕಿಯಾದರೆ, 67 ಕಿಲೋ ಮರಳಿಸಬೇಕೆಂಬುದು ನಿಗದಿಯಾದ ಲೆಕ್ಕ. ಉಳಿದದ್ದು ಹೊಟ್ಟು, ತೌಡು. ಅವೂ ನಿಷ್ಪ್ರಯೋಜಕವಲ್ಲ, ತೌಡಿನಿಂದ ಎಣ್ಣೆ ಬರುತ್ತದೆ, ಹೊಟ್ಟು ಒಲೆಗೆ ಉರಿಯಾಗುತ್ತದೆ. ಹೊಟ್ಟಿಲ್ಲದೆ ಭತ್ತವೇ ಇಲ್ಲ. ಹಾಗೆಂದು ನೂರು ಕಿಲೋ ಭತ್ತದ ಚೀಲವನ್ನು ನೂರು ಕಿಲೋ ಅಕ್ಕಿಯೆಂದು ಹೇಳಿ ಸಿರುಗುಪ್ಪದ ಸಂತೆಯಲ್ಲಿ ಯಾರಾದರೂ ಮಾರಿಯಾರೇ? ಭತ್ತದ ದರ ಬೇರೆ, ಅಕ್ಕಿಯ ದರ ಬೇರೆ, ಎರಡಕ್ಕೂ ಹೆಸರು ಬೇರೆ. 1150ರಲ್ಲಿ 764 ಎಂದರೆ ನೂರಕ್ಕೆ ಅರವತ್ತಾರರಷ್ಟು; ಹೆಚ್ಚುಕಡಿಮೆ ಗಿರಣಿಯದೇ ಲೆಕ್ಕ. ಹೊಟ್ಟಿಗೆ ಬೆಲೆ ಹಾಕಿದ್ದರಲ್ಲಿ ಅನ್ಯಾಯವಿರಲಿಲ್ಲ. ಹೊಟ್ಟನ್ನು ಅಕ್ಕಿಯೆಂದು ಕರೆದದ್ದರಲ್ಲಿ ಇತ್ತು.

ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದಲ್ಲಿ ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂಬ ವಿಧಿಯಿದೆ. ಗುರುಮಠದಲ್ಲಿ ಅದನ್ನು ಓದಿದಾಗ ಸುಳ್ಳು ತೂಕದ ನಿಷೇಧವೆಂದಷ್ಟೇ ತಿಳಿದಿದ್ದೆ. ಈಗ ನೋಡಿದರೆ ಅದರ ಮಾತು ಇನ್ನೂ ಸೂಕ್ಷ್ಮ. ಎರಡು ಕಲ್ಲುಗಳಿರುವುದೇ ದೋಷ. ಕೊಳ್ಳುವಾಗ ಒಂದನ್ನು, ಮಾರುವಾಗ ಇನ್ನೊಂದನ್ನು ತೆಗೆಯಬಹುದಾದ ಸೌಕರ್ಯವೇ ದೋಷ. ಅಪಾರ್ಟ್‌ಮೆಂಟು ಕಟ್ಟುವವನು ನೆಲಕ್ಕೆ ಟೈಲ್ಸ್ ಹಾಕುವ ಕೂಲಿಯವನಿಗೆ ಕೋಣೆಯನ್ನು ಟೇಪಿನಿಂದ ಅಳೆದು, ಹಾಕಿದಷ್ಟೇ ಅಡಿಗೆ ಹಣ ಎಣಿಸುತ್ತಾನೆ. ಆ ಕೂಲಿಯವನು ಸೂಪರ್ ಬಿಲ್ಟ್‌ಅಪ್ ಅಡಿಗೆ ಕೂಲಿ ಕೇಳಿದರೆ ನಗುತ್ತಾರೆ. ಅದೇ ಕೋಣೆಯನ್ನು ಮಾರುವಾಗ ಚೀಲದಿಂದ ಇನ್ನೊಂದು ಕಲ್ಲು ಹೊರಬರುತ್ತದೆ. ಯಾಜಕಕಾಂಡವು ತೂಕ ಮತ್ತು ಕೊಳಗಗಳ ಜೊತೆಗೆ ಉದ್ದಳತೆಯನ್ನೂ ಹೆಸರಿಸಿ ಎಚ್ಚರಿಸಿರುವುದನ್ನು ಆ ರಾತ್ರಿ ಗಮನಿಸಿದೆ.

ಮಾರುವವನು ಎಷ್ಟು ಬಾಯಿಬಿಡಬೇಕೆಂಬ ಪ್ರಶ್ನೆ ಎರಡು ಸಾವಿರ ವರ್ಷಕ್ಕೂ ಹಳೆಯದು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ತನ್ನ ಮಗನಿಗಾಗಿ ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಇದನ್ನು ಚರ್ಚಿಸುತ್ತಾನೆ. ಒಬ್ಬನು ತನ್ನ ಮನೆಯನ್ನು ಮಾರುತ್ತಾನೆ. ಆ ಮನೆ ಆರೋಗ್ಯಕ್ಕೆ ಹಾನಿಕರ, ಮರ ಕೊಳೆತಿದೆ, ಕೋಣೆಗಳಲ್ಲಿ ಹುಳಹುಪ್ಪಟೆ. ಇದು ಯಜಮಾನನಿಗೆ ಮಾತ್ರ ಗೊತ್ತು. ಹೇಳದೆ ಮಾರಿದರೆ ತಪ್ಪೇ? ಬಾಬಿಲೋನಿನ ಡಯೋಜೆನಿಸ್ ಎಂಬ ತತ್ವಜ್ಞಾನಿ, ಕಾನೂನು ಹೇಳೆಂದದ್ದನ್ನು ಹೇಳಿದರೆ ಸಾಕು, ಸುಮ್ಮನಿರುವುದಕ್ಕೂ ಮರೆಮಾಚುವುದಕ್ಕೂ ವ್ಯತ್ಯಾಸವಿದೆ ಎನ್ನುತ್ತಾನೆ. ಆತನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಇದು ಕೆಟ್ಟದ್ದು ಎಂದು ವಾದಿಸುತ್ತಾನೆ. ಸಿಸೆರೊನ ತೀರ್ಪು ಶಿಷ್ಯನ ಕಡೆಗೆ. ನಿನ್ನ ಲಾಭಕ್ಕಾಗಿ, ಇನ್ನೊಬ್ಬನಿಗೆ ತಿಳಿಯಬೇಕಾದುದು ತಿಳಿಯದಿರಲೆಂದು ನೀನು ಬಯಸಿದರೆ, ಆ ಮೌನ ಬರಿಯ ಮೌನವಾಗಿ ಉಳಿಯುವುದಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಡಯೋಜೆನಿಸನ ಕಡೆಗೆ ಸ್ವಲ್ಪ ವಾಲಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮಿನಂತೆ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಕಾಣದಂಥ ದೋಷವನ್ನು ತಿಳಿಸಲೇಬೇಕು. ಕೋಣೆಯ ಅಳತೆಯಾದರೋ ಟೇಪು ಹಿಡಿದರೆ ಕಾಣುತ್ತದೆ. ರೇರಾದ ಕಟ್ಟುಪಾಡು ಕಟ್ಟಿ ಮಾರುವ ಪ್ರವರ್ತಕನಿಗೆ. ತನ್ನ ಹಳೆಯ ಮನೆಯನ್ನು ಮಾರುವ ಗೃಹಸ್ಥನಿಗೆ ಆ ಭಾರವಿಲ್ಲ. ಹೀಗಾಗಿ ನನ್ನ ಬಳಿಗೆ ಬಂದಿದ್ದವನನ್ನು ಯಾವ ನ್ಯಾಯಾಲಯವೂ ಹಿಡಿಯುತ್ತಿರಲಿಲ್ಲ. ಉಳಿದದ್ದು ಅವನ ಅಂತಃಸಾಕ್ಷಿ, ಮತ್ತು ಅದಕ್ಕೆ ನಾನು ಕೊಟ್ಟಿದ್ದ ನಿದ್ರೆಯ ಗುಳಿಗೆ.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಕೊಡುಕೊಳ್ಳುವಿಕೆಯಲ್ಲಿನ ವಂಚನೆಯನ್ನು ಕುರಿತು ಬರೆಯುತ್ತ, ವಸ್ತುವಿನ ದೋಷವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ಸ್ವರೂಪದಲ್ಲಿ, ಪ್ರಮಾಣದಲ್ಲಿ, ಗುಣದಲ್ಲಿ. ಪ್ರಮಾಣದ ದೋಷ ಅಳತೆಯಿಂದ ತಿಳಿಯುವಂಥದು. ಅರಿತೂ ಕೊರತೆಯ ಅಳತೆ ಬಳಸಿದವನು ನಷ್ಟವನ್ನು ತುಂಬಿಕೊಡಲು ಬದ್ಧನೆನ್ನುತ್ತಾರೆ. ಆಮೇಲೆ ಬಹಳ ವ್ಯಾವಹಾರಿಕವಾದ ಒಂದು ಮಾತು ಸೇರಿಸುತ್ತಾರೆ. ಅಳತೆಗಳು ಊರಿನಿಂದ ಊರಿಗೆ ಬೇರೆಯಾಗುವುದು ಸಹಜ. ಆದ್ದರಿಂದ ಆಯಾ ಸ್ಥಳದ ಅಳತೆ ಎಷ್ಟೆಂದು ಆಳುವವರು ಗೊತ್ತುಪಡಿಸಬೇಕು, ಗೊತ್ತುಪಡಿಸಿದ ಮೇಲೆ ಅದನ್ನು ಮೀರಬಾರದು. ಗುರುಮಠದ ತರಗತಿಯಲ್ಲಿ ನಾವು ಈ ಪುಟವನ್ನು ಆಕಳಿಸುತ್ತ ದಾಟಿದ್ದೆವು. ರೇರಾ ಬರಲು ಇನ್ನೂ ಎಷ್ಟೋ ವರ್ಷಗಳಿದ್ದವು.

ಕೆಲವರು ಕೇಳಬಹುದು: ಒಟ್ಟು ಬೆಲೆ ಒಪ್ಪಿಗೆಯಾದರೆ ಅಡಿಯ ಸಂಖ್ಯೆ ಏನಾದರೇನು? ಕೊಳ್ಳುವವನು ಮನೆಯನ್ನು ಕಣ್ಣಾರೆ ನೋಡಿಯೇ ಕೊಳ್ಳುತ್ತಾನಲ್ಲ? ನೋಡುತ್ತಾನೆ, ಆದರೆ ಖಾಲಿ ಕೋಣೆ ಕಣ್ಣಿಗೆ ದೊಡ್ಡದಾಗಿಯೇ ಕಾಣುತ್ತದೆ. ಎರಡು ಮನೆಗಳನ್ನು ಹೋಲಿಸುವಾಗ ಅವನ ಕೈಲಿರುವುದು ಅಡಿಯ ದರ ಮಾತ್ರ. 3,200ರ ಮನೆ ಅಗ್ಗ, 4,000ದ ಮನೆ ದುಬಾರಿ ಎಂದುಕೊಳ್ಳುತ್ತಾನೆ. ಮೊದಲನೆಯದರಲ್ಲಿ ಮೂರನೆಯ ಒಂದು ಭಾಗ ಮೆಟ್ಟಿಲು ಓಣಿಗಳಿಗೆ ಹೋಗಿದ್ದು, ಎರಡನೆಯದರಲ್ಲಿ ಆರನೆಯ ಒಂದು ಭಾಗ ಮಾತ್ರ ಹೋಗಿದ್ದರೆ, ಒಳನೆಲಕ್ಕೆ ಎರಡೂ 4,800 ರೂಪಾಯಿಯೇ ಎಂಬುದು ಅವನಿಗೆ ತಿಳಿಯುವುದಿಲ್ಲ. ಸಂಬಳದಿಂದ ಇಪ್ಪತ್ತು ವರ್ಷ ಕಂತು ಕಟ್ಟಬೇಕಾದ ಮನುಷ್ಯ ಅವನು. ಜಾಣನಾದ ಶ್ರೀಮಂತನು ಎಂಜಿನಿಯರನ್ನು ಕರೆದುಕೊಂಡು ಬರುತ್ತಾನೆ; ಎಲ್ಲರಿಗೂ ಗೊತ್ತಿದೆ ಎಂಬ ಸಮರ್ಥನೆಯಲ್ಲಿ ಆ ಎಲ್ಲರ ಪಟ್ಟಿಯಿಂದ ಹೊರಗುಳಿಯುವವರು ಯಾವಾಗಲೂ ಇದೇ ಕಂತಿನ ಮಂದಿ.

ಇಷ್ಟಾದರೂ, ಆ ಮಗನ ಸಂಕಟ ಹಗುರವಾದುದಲ್ಲ. ಸಂತೆಯಲ್ಲಿ ಎಲ್ಲರೂ ಉಬ್ಬಿಸಿದ ಅಳತೆಯಲ್ಲಿ ಮಾರುವಾಗ ಒಬ್ಬನೇ ನಿಜದ ಅಳತೆ ಹೇಳಿದರೆ ಜನ ಅವನ ಸತ್ಯವನ್ನು ಮೆಚ್ಚುವುದಿಲ್ಲ, ಅವನ ದರವನ್ನು ಕಂಡು ಹೆದರುತ್ತಾರೆ. 764 ಅಡಿಗೆ 36,80,000 ಕೇಳಿದರೆ ಅಡಿಗೆ 4,817 ಆಯಿತು. ಬಾಗಿಲಿನಿಂದಲೇ ತಿರುಗಿ ಹೋಗುತ್ತಾರೆ. ಸತ್ಯ ಹೇಳಿದವನು ಬೆಲೆಯನ್ನೂ ಇಳಿಸಬೇಕೆಂದು ನ್ಯಾಯ ಕೇಳುತ್ತದೆಯೇ? ನನಗೆ ಹಾಗೆ ತೋರುವುದಿಲ್ಲ. ಮನೆಯ ಬೆಲೆ ಮನೆಗೆ. ಸುತ್ತಲಿನ ಅಂಥದೇ ಮನೆಗೆ ಬರುವ ಬೆಲೆಯನ್ನು ಅವನೂ ಕೇಳಬಹುದು. ಅವನು ಋಣಿಯಾಗಿರುವುದು ಅಗ್ಗದ ಬೆಲೆಗಲ್ಲ, ತಿಳಿವಳಿಕೆಗೆ. ಆದರೆ ತಿಳಿಸಿದ ಮೇಲೆ ಬೆಲೆ ತಾನಾಗಿ ಇಳಿದರೆ, ಆ ಇಳಿತವನ್ನು ಅವನು ಹೊರಬೇಕಾಗುತ್ತದೆ. ತನಗಾದ ಮೋಸದ ನಷ್ಟವನ್ನು ಮುಂದಿನವನ ಹೆಗಲಿಗೆ ದಾಟಿಸುವ ಹಕ್ಕು ಅವನಿಗಿಲ್ಲ. ಇದನ್ನು ಬರೆಯುವುದು ಸುಲಭ. ನನಗೆ ಮಕ್ಕಳ ಕಾಲೇಜಿನ ಶುಲ್ಕ ಕಟ್ಟುವುದಿಲ್ಲ ಎಂಬುದು ಬರೆಯುವಾಗಲೂ ನೆನಪಿತ್ತು.

ಮರುದಿನ ಬೆಳಗಿನ ಬಲಿಪೂಜೆಯಾದ ಮೇಲೆ ಅವನಿಗೆ ಫೋನು ಮಾಡಿ, ನಿನ್ನೆ ನಾನು ಹೇಳಿದ್ದು ಸರಿಯಿಲ್ಲವೆಂದೆ. ಆತ ಬಹಳ ಹೊತ್ತು ಸುಮ್ಮನಿದ್ದು, "ಅವ್ವನೂ ಅದನ್ನೇ ಕೇಳಿದ್ಲು ಫಾದರ್. ಯಾವ ಸಾವಿರದ ನೂರೈವತ್ತು ಅಂತ" ಎಂದ. ಕೊನೆಗೆ ಆತ ಒಂದು ಹಾಳೆಯಲ್ಲಿ ಕೋಣೆ ಕೋಣೆಯ ಅಳತೆಯನ್ನು ಬರೆದು, ಕೆಳಗೆ ಒಂದೇ ಸಾಲಿನಲ್ಲಿ ಪತ್ರದಲ್ಲಿರುವುದು 1150, ಒಳಗಿರುವುದು 764 ಎಂದು ಸೇರಿಸಿ, ನೋಡಲು ಬಂದವರ ಕೈಗೆ ಕೊಟ್ಟ. ಮಧ್ಯವರ್ತಿ ಸಿಟ್ಟಾದ. ಮೊದಲು ಬಂದ ಎರಡು ಕುಟುಂಬಗಳು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋದವರು ಮತ್ತೆ ಬರಲಿಲ್ಲ. ಏಳು ತಿಂಗಳ ಮೇಲೆ ಮನೆ 34,00,000 ರೂಪಾಯಿಗೆ ಹೋಯಿತು. ಸುಮ್ಮನಿದ್ದಿದ್ದರೆ ಇನ್ನೂ ಎರಡು ಮೂರು ಲಕ್ಷ ಬರುತ್ತಿತ್ತೆಂದು ಮಧ್ಯವರ್ತಿ ಹೇಳುತ್ತಾನೆ, ಇರಬಹುದು.

ಆತನಿಗೆ ಬುದ್ಧಿ ಹೇಳಿದ ನನ್ನ ಕತೆಯೂ ಒಂದಿದೆ. ನಾನಾಗ ಇದ್ದ ಧರ್ಮಕೇಂದ್ರದ ಆವರಣದಲ್ಲಿ ಒಂದು ಸಭಾಭವನವಿತ್ತು. ಮದುವೆ, ನಾಮಕರಣಗಳಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಹೊರಗೋಡೆಯ ಮೇಲೆ 500 ಆಸನಗಳು ಎಂದು ದೊಡ್ಡದಾಗಿ ಬರೆದಿತ್ತು. ನನಗಿಂತ ಮೊದಲಿದ್ದವರ ಕಾಲದ ಬರಹ, ರಸೀದಿ ಪುಸ್ತಕದಲ್ಲೂ ಹಾಗೆಯೇ ಅಚ್ಚಾಗಿತ್ತು. ಫೋನು ಇಟ್ಟ ಮೇಲೆ ಉಪದೇಶಿಯವರನ್ನು ಕರೆದು ಟೇಪು ಹಿಡಿಸಿದೆ. 60 ಅಡಿಗೆ 36. 2160 ಚದರ ಅಡಿ. ಓಡಾಡುವ ದಾರಿ ಬಿಟ್ಟು ಕುರ್ಚಿಗೆ ಆರು ಅಡಿಯಂತೆ ಹಿಡಿದರೆ 360 ಜನ. ಉಳಿದ 140 ಆಸನ ಎಲ್ಲಿಂದ ಬಂದವೆಂದು ಹಳಬರನ್ನು ಕೇಳಿದೆ. ಜಗುಲಿ ಮತ್ತು ಹೊರಗಿನ ಬೇವಿನ ಮರದ ಕೆಳಗಿನ ಜಾಗ ಸೇರಿಸಿ ಲೆಕ್ಕ ಹಾಕಿದ್ದರಂತೆ.

ಬಣ್ಣ ಬರೆಯುವವನನ್ನು ಕರೆಸಿ 360 ಎಂದು ತಿದ್ದಿಸಿದೆ. ಅದರ ಮುಂದಿನ ವಾರ, 450 ಜನರ ಮದುವೆಗೆಂದು ಮುಂಗಡ ಕೊಟ್ಟಿದ್ದ ಒಂದು ಕುಟುಂಬ ಗೋಡೆಯನ್ನು ನೋಡಿ ಬೇರೆ ಭವನ ಹುಡುಕಿಕೊಂಡಿತು. ಐದು ಸಾವಿರ ಮರಳಿಸಿದೆ. ಪಾಲನಾ ಸಮಿತಿಯ ಖಜಾಂಚಿಯವರು ಆ ಚೀಟಿಗೆ ಸಹಿ ಹಾಕುತ್ತ, ಬೇವಿನ ಮರದ ನೆರಳು ಮಾತ್ರ ಬಹಳ ಚೆನ್ನಾಗಿರುತ್ತದೆ ಫಾದರ್ ಎಂದರು.